ಸೂಜಿ ಯಾರ ಕೈಯಲ್ಲಿತ್ತು?

ಕಳೆದ ಸಂಚಿಕೆಯಲ್ಲಿ ಕಿಡ್ನಿಗೆ ಬೆನ್ನಿನಿಂದ ಹಾಕುವ ಟ್ಯೂಬಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಸ್ಪತ್ರೆಯಲ್ಲಿ ಅದನ್ನು ಪಿಸಿಎನ್ ಅಂತಾರೆ. ಹರಳಿನಿಂದಲೋ ಗೆಡ್ಡೆಯಿಂದಲೋ ಮೂತ್ರದ ದಾರಿ ಕಟ್ಟಿಕೊಂಡು ಕಿಡ್ನಿ ಊದಿದಾಗ, ಸ್ಕ್ಯಾನ್ ನೋಡುತ್ತ ಬೆನ್ನಿನಿಂದ ಸೂಜಿ ಇಳಿಸಿ, ಅದೇ ದಾರಿಯಲ್ಲಿ ಸಣ್ಣ ಟ್ಯೂಬು ಕೂರಿಸುತ್ತೇವೆ. ದೊಡ್ಡ ಕೊಯ್ತ ಇಲ್ಲ. ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಮಾನ್ಯವಾಗಿ ಸಾಕು. ನಮ್ಮಲ್ಲಿ ಈ ಕೆಲಸ ಎಕ್ಸ್‌ರೇ, ಸ್ಕ್ಯಾನ್ ನೋಡುವ ರೇಡಿಯಾಲಜಿಯವರದ್ದು. ನಾನು ಬಳ್ಳಾರಿಯಲ್ಲಿ ಅದನ್ನೇ ಪಿಜಿ ಡಾಕ್ಟರುಗಳಿಗೆ ಕಲಿಸುತ್ತೇನೆ.

ಓದುಗರು ರೋಗದ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಆ ಕಲಿಯುವ ಹುಡುಗ ಹುಡುಗಿಯರ ಬಗ್ಗೆ. ಹಾಗಾಗಿ ಈ ಸಲ ಅವರದ್ದೇ ಸುದ್ದಿ.

ನಮ್ಮ ಯಜಮಾನರಿಗೆ ಹರಳು ಸಿಕ್ಕಿಕೊಂಡು ಚಳಿಜ್ವರ ಬಂದು, ರಾತ್ರಿಯೇ ಕಿಡ್ನಿಗೆ ಟ್ಯೂಬು ಹಾಕಿದರು. ಹಾಕಿದ್ದು ಒಬ್ಬ ಚಿಕ್ಕ ಹುಡುಗ. ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ‘ಇನ್ನೂ ಸ್ವಲ್ಪ, ಹಾಂ, ಅಲ್ಲೇ ನಿಲ್ಲು’ ಅಂತಿದ್ದರಂತೆ. ಬಡವರು ಅಂತ ನಮ್ಮ ಮೇಲೆ ಪ್ರಯೋಗ ಮಾಡಿದರಾ ಮೇಡಂ?
— ಗೃಹಿಣಿ, ಸಿರುಗುಪ್ಪ

ಅಕ್ಕಾ, ಮೊದಲು ಕಾಯಿಲೆಯ ಮಾತು. ದಾರಿ ಕಟ್ಟಿಕೊಂಡ ಕಿಡ್ನಿಯಲ್ಲಿ ಕೀವು ತುಂಬಿದರೆ ಬೆಳಗಿನ ತನಕ ಕಾಯುವ ಹಾಗಿಲ್ಲ. ಒಳಗೆ ಒತ್ತಡ ಜಾಸ್ತಿ ಇರುವುದರಿಂದ ಆಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಕೀವು ಹೊರಗೆ ಬರಲೇಬೇಕು. ಇಲ್ಲದಿದ್ದರೆ ನಂಜು ರಕ್ತಕ್ಕೆ ಇಳಿದು ಬಿಪಿ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಅಪಾಯ. ರಾತ್ರಿಯೇ ಟ್ಯೂಬು ಹಾಕಿದವರು ಸರಿಯಾದ ಕೆಲಸ ಮಾಡಿದ್ದಾರೆ.

ಇನ್ನು ಆ ಹುಡುಗ. ಅವನು ಎಂಬಿಬಿಎಸ್ ಮುಗಿಸಿ, ಮತ್ತೆ ಪರೀಕ್ಷೆ ಬರೆದು, ಮೂರು ವರ್ಷದ ಎಂ.ಡಿ.ಗೆ ಸೇರಿದ ಡಾಕ್ಟರು. ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ಕೊಟ್ಟದ್ದೇ ‘ಪಕ್ಕದಲ್ಲಿ ನಿಂತು’ ಅನ್ನುವ ಮಾತು. ಕೈಗವಸು ಹಾಕಿಕೊಂಡು, ಅದೇ ಪರದೆ ನೋಡುತ್ತ, ಬೇಕೆಂದಾಗ ಸೂಜಿ ತೆಗೆದುಕೊಳ್ಳುವಷ್ಟು ಹತ್ತಿರ ಹಿರಿಯರು ನಿಂತಿದ್ದರೆ ಅದು ಪ್ರಯೋಗವಲ್ಲ. ಹಿರಿಯರು ಮನೆಯಲ್ಲಿದ್ದು ಫೋನಿನಲ್ಲಿ ‘ಮಾಡು ಮಾಡು’ ಅಂದಿದ್ದರೆ ನಿಮ್ಮ ಜೊತೆ ನಾನೂ ಜಗಳಕ್ಕೆ ಬರುತ್ತಿದ್ದೆ. ‘ಅಲ್ಲೇ ನಿಲ್ಲು’ ಅಂದದ್ದಕ್ಕೂ ಹೆದರಬೇಡಿ. ಉಸಿರು ಎಳೆದು ಬಿಟ್ಟಾಗ ಕಿಡ್ನಿ ಮೇಲೆ ಕೆಳಗೆ ಸರಿಯುತ್ತದೆ. ಅದು ನಿಲ್ಲುವವರೆಗೆ ಸೂಜಿಯೂ ನಿಲ್ಲಬೇಕು.

ಆದರೆ ‘ಬಡವರು ಅಂತ’ ಅಂದಿರಲ್ಲ, ಆ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಆಗುವುದಿಲ್ಲ. ಡಾಕ್ಟರುಗಳು ಹೆಚ್ಚಾಗಿ ಕಲಿಯುವುದು ಸರ್ಕಾರಿ ವಾರ್ಡಿನಲ್ಲಿ. ಅಲ್ಲಿ ಮಲಗುವವರು ಬಡವರು. ದುಡ್ಡಿದ್ದವರಿಗೆ ಖಾಸಗಿಯಲ್ಲಿ ಟ್ಯೂಬು ಹಾಕುವ ಡಾಕ್ಟರು ಕೂಡ ಇಂಥದ್ದೇ ಒಂದು ವಾರ್ಡಿನಲ್ಲಿ ಯಾರದೋ ಬೆನ್ನಿನ ಮೇಲೆ ಕೈ ಪಳಗಿಸಿಕೊಂಡು ಬಂದವರೇ. ಈ ಲೆಕ್ಕದಲ್ಲಿ ನ್ಯಾಯ ಕಡಿಮೆ. ಕಲಿಸುವವರಾದ ನಮ್ಮಿಂದ ನಿಮಗೆ ಎರಡು ಸಲ್ಲಲೇಬೇಕು. ಹಿರಿಯರು ಜೊತೆಗಿರಬೇಕು. ಸಹಿ ಹಾಕುವ ಮೊದಲು ಎಲ್ಲವನ್ನೂ ಬಿಡಿಸಿ ಹೇಳಬೇಕು.

ಎರಡನೆಯದು ನಿಮ್ಮ ವಿಷಯದಲ್ಲಿ ಆಗಿಲ್ಲ ಅಂತ ಕಾಣುತ್ತದೆ. ಏನು ಮಾಡುತ್ತಾರೆ, ಯಾಕೆ, ಅಪಾಯ ಏನು, ಬೇರೆ ದಾರಿ ಇದೆಯಾ, ಇದನ್ನೆಲ್ಲ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ನಾನು ಹಿಂದೆ ಇದ್ದ ಒಂದು ಕಡೆ, ಸಹಿ ತರಲು ಇಂಟರ್ನ್ ಹುಡುಗರನ್ನು ಓಡಿಸುತ್ತಿದ್ದರು. ಟ್ಯೂಬು ಎಡಕ್ಕೋ ಬಲಕ್ಕೋ ಅಂತ ಆ ಮಕ್ಕಳಿಗೇ ಗೊತ್ತಿರುತ್ತಿರಲಿಲ್ಲ. ಹಾಳೆ ತುಂಬ ಇಂಗ್ಲಿಷ್, ಕೆಳಗೆ ಹೆಬ್ಬೆಟ್ಟು. ಈಗ ನಮ್ಮ ವಿಭಾಗದಲ್ಲಿ ಸೂಜಿ ಹಿಡಿಯುವವರೇ ಹೋಗಿ ಸಹಿ ಪಡೆಯಬೇಕು. ತಮ್ಮ ಹೆಸರು ಹೇಳಬೇಕು. ‘ನಾನು ಕಲಿಯುತ್ತಿದ್ದೇನೆ, ಮೇಡಂ ಪಕ್ಕದಲ್ಲೇ ಇರುತ್ತಾರೆ’ ಅನ್ನಬೇಕು. ಒಂದೆರಡು ದಿನ ಮೂತ್ರ ಕೆಂಪಗೆ ಬರುವುದು ಮಾಮೂಲು, ನೂರರಲ್ಲಿ ಕೆಲವರಿಗೆ ರಕ್ತ ಏರಿಸುವಷ್ಟು ರಕ್ತಸ್ರಾವ ಅಥವಾ ಜೋರು ನಂಜು ಆಗಬಹುದು ಅಂತಲೂ ಹೇಳಬೇಕು. ಹೆಚ್ಚಿನವರು ‘ಆಯ್ತು, ಮಾಡಪ್ಪ’ ಅಂತಾರೆ. ಕೆಲವರು ಬೇಡ ಅಂತಾರೆ. ಆಗ ನಾನೇ ಮಾಡುತ್ತೇನೆ. ಬೇಡ ಅಂದವರ ಮೇಲೆ ಯಾರೂ ಮುಖ ಊದಿಸಿಕೊಳ್ಳಬಾರದು.

ನಾನು ರೇಡಿಯಾಲಜಿ ಎರಡನೇ ವರ್ಷದ ಪಿಜಿ. ಎಷ್ಟು ಪಿಸಿಎನ್ ಮಾಡಿದರೆ ಒಬ್ಬನೇ ಮಾಡಬಹುದು ಮೇಡಂ? ನಮ್ಮ ಸರ್ ಇನ್ನೂ ಟ್ರೇ ಜೋಡಿಸಲು, ಸ್ಕ್ಯಾನಿಂಗ್ ಮಷಿನ್ನಿನ ಪ್ರೋಬ್ (ಮೈಮೇಲೆ ಆಡಿಸುವ ಹಿಡಿ) ಹಿಡಿಯಲು ಮಾತ್ರ ಬಿಡುತ್ತಾರೆ.
— ಪಿಜಿ ವಿದ್ಯಾರ್ಥಿ, ರಾಯಚೂರು

ತಮ್ಮಾ, ನಾನು ಒಂದು ಸಂಖ್ಯೆ ಹೇಳಿದರೆ ನೀವು ಲಾಗ್‌ಬುಕ್‌ನಲ್ಲಿ ಅಷ್ಟು ತುಂಬಿಸಿ ಕೂರುತ್ತೀರಿ. ಚೆನ್ನಾಗಿ ಊದಿದ ಕಿಡ್ನಿಯಲ್ಲಿ ಪಳಗಿದ ಕೈಗೆ ನೂರಕ್ಕೆ ತೊಂಬತ್ತೈದು ಸಲಕ್ಕಿಂತ ಹೆಚ್ಚು ಟ್ಯೂಬು ಕೂರುತ್ತದೆ. ಊದದ ಕಿಡ್ನಿ, ಅಂದರೆ ಆಪರೇಷನ್ ಆದ ಮೇಲೆ ಮೂತ್ರನಾಳ ಸೋರುತ್ತಿರುವಂಥ ಕೇಸು, ಬೇರೆಯದೇ ಆಟ. ಮೊದಲನೆಯದನ್ನು ಇಪ್ಪತ್ತು ಮಾಡಿದವರಿಗೆ ಎರಡನೆಯದು ಬರುತ್ತದೆ ಅಂತ ಏನಿಲ್ಲ.

ನಿಮ್ಮ ಸರ್ ಟ್ರೇ ಜೋಡಿಸಲು ಹೇಳುವುದನ್ನು ಅವಮಾನ ಅಂತ ತಿಳಿಯಬೇಡಿ. 8 ಫ್ರೆಂಚ್ ಅಳತೆಯ ಪಿಗ್‌ಟೇಲ್, ಅಂದರೆ ತುದಿ ಸುರುಳಿಯಾಗುವ ಟ್ಯೂಬು, ಸುಮಾರು 2.7 ಮಿಲಿಮೀಟರ್ ದಪ್ಪ, 0.035 ಇಂಚಿನ ತಂತಿ 21 ಗೇಜಿನ ಸೂಜಿಯೊಳಗೆ ಹೋಗುವುದಿಲ್ಲ, ಇವು ಪುಸ್ತಕದಿಂದ ತಲೆಗೆ ಹತ್ತುವುದಿಲ್ಲ. ರಾತ್ರಿ ಎರಡು ಗಂಟೆಗೆ ಟ್ರೇ ಬಿಚ್ಚಿದಾಗ ತಪ್ಪು ತಂತಿ ಕಂಡರೆ ಹತ್ತುತ್ತದೆ.

ನಾನು ಕಲಿಸುವುದು ಹಿಂದುಮುಂದಾಗಿ. ಮೊದಲು ಹೊಟ್ಟೆಯ ನೀರು ತೆಗೆಯುವುದು, ಕೀವುಗಡ್ಡೆಗೆ ಸೂಜಿ. ಆಮೇಲೆ ಪಿಸಿಎನ್‌ನಲ್ಲಿ ಚುಚ್ಚುವುದು ನಾನು, ತಂತಿ ಇಳಿಸುವುದು, ದಾರಿ ಹಿಗ್ಗಿಸುವುದು, ಟ್ಯೂಬು ಕೂರಿಸುವುದು ಪಿಜಿ. ಚುಚ್ಚುವ ಕೆಲಸ ಅವರ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಹುಡುಗರಿಗೆ ಇದು ಬೇಸರ. ಆದರೆ ಕೇಸು ಕೆಡುವುದು ಹೆಚ್ಚಾಗಿ ಸೂಜಿ ಒಳಗೆ ಹೋದ ಮೇಲೆಯೇ. ತಂತಿ ಮಡಿಚಿಕೊಳ್ಳುತ್ತದೆ. ದಾರಿ ಹಿಗ್ಗಿಸುವ ಡೈಲೇಟರನ್ನು ಬೇಕಾದ್ದಕ್ಕಿಂತ ಮುಂದೆ ತಳ್ಳಿ ಕಿಡ್ನಿಯೊಳಗಿನ ಆ ಕಡೆ ಗೋಡೆ ತೂತಾಗುತ್ತದೆ. ಸಂಭ್ರಮದಲ್ಲಿ ಸೂಜಿ ಜೊತೆ ತಂತಿಯೂ ಹೊರಗೆ ಬರುತ್ತದೆ. ಅಷ್ಟರಲ್ಲಿ ಮೂತ್ರ ಸೋರಿ ಕಿಡ್ನಿ ಕುಗ್ಗಿರುತ್ತದೆ. ಎರಡನೇ ಸಲ ಚುಚ್ಚಲು ಜಾಗವೇ ಸಿಗುವುದಿಲ್ಲ. ಸೂಜಿ, ತಂತಿ, ತಂತಿಯ ಮೇಲೆ ಟ್ಯೂಬು ಎಂಬ ಈ ಉಪಾಯವನ್ನು 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ರಕ್ತನಾಳಗಳಿಗಾಗಿ ಪ್ರಕಟಿಸಿದ. ಆಗ ಅವನೂ ನಿಮ್ಮ ಹಾಗೆ ರೇಡಿಯಾಲಜಿ ಕಲಿಯುತ್ತಿದ್ದವನೇ.

ಎಲ್ಲಿ ಚುಚ್ಚಬೇಕು? ರೋಗಿಯನ್ನು ಬೋರಲು ಮಲಗಿಸಿ, ಹನ್ನೆರಡನೇ ಪಕ್ಕೆಲುಬಿನ ಕೆಳಗೆ, ಹಿಂಭಾಗದ ಕೆಳ ಕೇಲಿಕ್ಸ್‌ಗೆ (ಕಿಡ್ನಿಯೊಳಗೆ ಮೂತ್ರ ಮೊದಲು ಬಂದು ಬೀಳುವ ಬಟ್ಟಲು), ಅದರ ತುದಿಯಿಂದ. ಮೇಲೆ ಹೋದರೆ ಶ್ವಾಸಕೋಶದ ಪೊರೆ. ತೀರಾ ಪಕ್ಕಕ್ಕೆ ಹೋದರೆ ದೊಡ್ಡ ಕರುಳು. ಈ ಬಟ್ಟಲುಗಳೆಲ್ಲ ಸೇರುವ ಪೆಲ್ವಿಸ್ ಊದಿ ಪರದೆಯಲ್ಲಿ ದೊಡ್ಡದಾಗಿ ಕಂಡಿತು ಅಂತ ನೇರ ಅದಕ್ಕೇ ಚುಚ್ಚಿದರೆ ದೊಡ್ಡ ರಕ್ತನಾಳ ಸಿಗಬಹುದು, ಟ್ಯೂಬಿಗೆ ಹಿಡಿತವೂ ಇರುವುದಿಲ್ಲ. ಕಿಡ್ನಿಯ ಹಿಂಬದಿ ಅಂಚಿನಲ್ಲಿ ರಕ್ತನಾಳ ಕಡಿಮೆ ಇರುವ ಒಂದು ಪಟ್ಟಿ ಇದೆ. ಅದನ್ನು 1901ರಲ್ಲಿ ತೋರಿಸಿಕೊಟ್ಟ ಮ್ಯಾಕ್ಸ್ ಬ್ರೋಡೆಲ್ ಡಾಕ್ಟರಲ್ಲ, ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಚಿತ್ರಕಾರ. ನಮ್ಮ ಪಿಜಿಗಳಿಗೂ ನಾನು ಕಿಡ್ನಿ ಬಿಡಿಸಲು ಹೇಳುತ್ತೇನೆ. ಬಿಡಿಸಲು ಬಾರದವರಿಗೆ ಸೂಜಿಯ ಕೋನವೂ ಬರುವುದಿಲ್ಲ ಅನ್ನುವುದು ನನ್ನ ಅನುಭವ.

ಕೀವಿನ ಕೇಸಿನಲ್ಲಿ ಇನ್ನೊಂದು. ಚಂದದ ಚಿತ್ರ ಬೇಕು ಅಂತ ಅಂದೇ ಒಳಗೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ತುಂಬಬೇಡಿ. ಒತ್ತಡ ಏರಿ ಕೀವು ರಕ್ತಕ್ಕೆ ನುಗ್ಗುತ್ತದೆ. ಸ್ವಲ್ಪ ಕೀವು ಎಳೆದು, ಯಾವ ರೋಗಾಣು ಅಂತ ತಿಳಿಯಲು ಕಲ್ಚರ್‌ಗೆ ಕಳಿಸಿ, ಟ್ಯೂಬು ಕೂರಿಸಿ, ಎದ್ದು ಬನ್ನಿ. ಚಿತ್ರ ಆಮೇಲೆ ತೆಗೆದರಾಯಿತು.

‘ಈಗ ಬೇಡ’ ಅನ್ನಲು ಬರುತ್ತದಾ ಅಂತಲೂ ನೋಡುತ್ತೇನೆ. ಪ್ಲೇಟ್‌ಲೆಟ್ 50,000 ದಾಟಿದೆಯಾ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್ಆರ್ ಎಷ್ಟು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೊಗ್ರೆಲ್ ನುಂಗುತ್ತಿದ್ದಾರಾ, ಕಾಯಬಹುದಾದ ಕೇಸಾದರೆ ಅದನ್ನು ಐದು ದಿನ ನಿಲ್ಲಿಸಿದ್ದಾರಾ, ಪೊಟ್ಯಾಶಿಯಂ ಏರಿ ಹೃದಯ ತಾಳ ತಪ್ಪುವಂತಿದೆಯಾ. ವಾರ್ಡಿನಿಂದ ಬಂದ ಚೀಟಿ ನಂಬಿ ಕೂರಬೇಡಿ, ರಿಪೋರ್ಟ್ ನೀವೇ ನೋಡಿ. ಸರ್ಕಾರಿ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾ. ನಮ್ಮಲ್ಲಿ ಕೇರಳದವರು, ರಾಜಸ್ಥಾನದವರು ಇರುತ್ತಾರೆ. ಅವರು ಬಂದ ವಾರವೇ ‘ಉಸಿರು ಹಿಡೀರಿ’, ‘ಊಪಿರಿ ಪಟ್ಟಂಡಿ’, ‘ಸಾನ್ಸ್ ರೋಕೋ’ ಮೂರನ್ನೂ ಕಲಿಯಬೇಕು. ಬಳ್ಳಾರಿಯಲ್ಲಿ ಟೇಬಲ್ ಮೇಲೆ ಯಾವ ಭಾಷೆಯವರು ಮಲಗುತ್ತಾರೋ ಹೇಳಲಾಗದು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ವಾರ್ಡು ರೌಂಡ್ಸು ತಪ್ಪುತ್ತದೆ ಅಂತಲೇ ರೇಡಿಯಾಲಜಿ ತೆಗೆದುಕೊಂಡವರು ಇದ್ದಾರೆ, ಅಲ್ವಾ? ಅಂಥವರಿಗೆ ನಾನು ಸೂಜಿ ಕೊಡುವುದಿಲ್ಲ. ಎರಡೂ ಕಡೆ ಕಟ್ಟಿಕೊಂಡಿದ್ದ ಕಿಡ್ನಿಗೆ ಟ್ಯೂಬು ಹಾಕಿದರೆ ಕೆಲವರಿಗೆ ಡ್ಯಾಮಿನ ಗೇಟು ತೆಗೆದ ಹಾಗೆ ಲೀಟರುಗಟ್ಟಲೆ ಮೂತ್ರ ಬರುತ್ತದೆ. ಜೊತೆಗೆ ಉಪ್ಪಿನಂಶವೂ ಹೋಗುತ್ತದೆ. ಅದನ್ನು ಅಳೆದು ಡ್ರಿಪ್ಪಿನಲ್ಲಿ ತುಂಬದಿದ್ದರೆ ರೋಗಿ ಒಣಗಿ ಹೋಗುತ್ತಾರೆ. ‘ನಾನು ಟ್ಯೂಬು ಹಾಕಿದೆ, ಉಳಿದದ್ದು ವಾರ್ಡಿನವರು ನೋಡಲಿ’ ಅಂದರೆ ನಡೆಯುವುದಿಲ್ಲ. ಹಾಕಿದವರು ಮರುದಿನ ಬೆಳಿಗ್ಗೆ ಹೋಗಿ ಬ್ಯಾಗ್ ನೋಡಬೇಕು. ಆ ಟ್ಯೂಬು ತೆಗೆಯುವ ತನಕ ಅದು ಅವರದ್ದು. ಎಷ್ಟು ಮಾಡಿದಿರಿ ಅಂತ ನಾನು ಕೇಳುವುದಿಲ್ಲ. ನೀವು ಹಾಕಿದ ಟ್ಯೂಬುಗಳು ಈಗ ಎಲ್ಲೆಲ್ಲಿವೆ ಅಂತ ಕೇಳುತ್ತೇನೆ. ಅದಕ್ಕೆ ತಡವರಿಸದೆ ಉತ್ತರಿಸಿದ ದಿನ ನಾನು ಟೇಬಲ್‌ನಿಂದ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಇದು ಯೂರಾಲಜಿಯವರ (ಮೂತ್ರಾಂಗದ ಸರ್ಜನ್‌ಗಳ) ಕೆಲಸ ಅಲ್ವಾ? ರೇಡಿಯಾಲಜಿಯವರು ಯಾಕೆ ಕೈ ಹಾಕುತ್ತಾರೆ?
— ಹೌಸ್ ಸರ್ಜನ್, ಬಳ್ಳಾರಿ

ಈ ಜಗಳ ಹಳೆಯದು. ಊದಿದ ಕಿಡ್ನಿಗೆ ಚರ್ಮದ ಮೂಲಕ ಟ್ಯೂಬು ಹಾಕುವುದನ್ನು 1955ರಲ್ಲಿ ಅಮೆರಿಕದಲ್ಲಿ ವರದಿ ಮಾಡಿದ ವಿಲ್ಲರ್ಡ್ ಗುಡ್‌ವಿನ್ ಯೂರಾಲಜಿಸ್ಟ್. ಹಾಗಾಗಿ ನೀವು ಗೆದ್ದಿರಿ. ಆದರೆ 1976ರಲ್ಲಿ ಅಂಥದ್ದೇ ದಾರಿಯಿಂದ ಕಿಡ್ನಿ ಹರಳು ತೆಗೆಯಬಹುದು ಎಂದು ಸ್ವೀಡನ್ನಿನಿಂದ ಪ್ರಕಟಿಸಿದವರಲ್ಲಿ ಫರ್ನ್‌ಸ್ಟ್ರೋಮ್ ರೇಡಿಯಾಲಜಿಸ್ಟ್, ಯೋಹಾನ್‌ಸನ್ ಯೂರಾಲಜಿಸ್ಟ್. ಇಬ್ಬರೂ ಜೊತೆಗೆ ಮಾಡಿದ್ದಕ್ಕೇ ಇವತ್ತು ಪಿಸಿಎನ್ಎಲ್, ಅಂದರೆ ಬೆನ್ನಿನ ಸಣ್ಣ ತೂತಿನಿಂದ ಹರಳು ತೆಗೆಯುವುದು, ಇದೆ. ಒಳಗಿನಿಂದ, ಅಂದರೆ ಮೂತ್ರಕೋಶದ ಕಡೆಯಿಂದ ಡಿಜೆ ಸ್ಟೆಂಟ್ (ಮೂತ್ರನಾಳದೊಳಗೆ ಕೂರುವ ಟ್ಯೂಬು) ಹಾಕಲು ಆಗುವ ಕಡೆ ಯೂರಾಲಜಿಯವರು ಹಾಕಲಿ. ಆಗದ ಕಡೆ ನಾವು ಬೆನ್ನಿನಿಂದ ಬರುತ್ತೇವೆ. ಊರಲ್ಲಿ ಯಾರ ಕೈ ಪಳಗಿದೆಯೋ, ಯಾರು ಬೇಗ ಸಿಗುತ್ತಾರೋ ಅವರು ಮಾಡಲಿ. ಜ್ವರದಲ್ಲಿ ನಡುಗುತ್ತಿರುವವರಿಗೆ ಬಾಗಿಲ ಮೇಲಿನ ಬೋರ್ಡ್ ಯಾವ ವಿಭಾಗದ್ದಾದರೇನು.

ಮೂರು ತಿಂಗಳ ಡಿಆರ್‌ಪಿ (ಪಿಜಿಗಳ ಜಿಲ್ಲಾ ಆಸ್ಪತ್ರೆ ತರಬೇತಿ) ಮೇಲೆ ಕೊಪ್ಪಳದ ಕಡೆ ಇದ್ದೇನೆ. ಇಲ್ಲಿ ಇಂಥ ಕೇಸು ನನ್ನ ಕೈಗೆ ಸಿಗುವುದು ಕಡಿಮೆ. ಸಿಮ್ಯುಲೇಟರ್ ತುಂಬಾ ದುಬಾರಿ. ಕೈ ಮರೆತುಹೋಗದಂತೆ ಏನಾದರೂ ಮಾಡಬಹುದಾ?
— ರೆಸಿಡೆಂಟ್ ಡಾಕ್ಟರ್, ಕೊಪ್ಪಳ

ಅಡುಗೆ ಬರುತ್ತದಾ? ಬಂದರೆ ಸಾಕು. ಒಂದು ಲೀಟರ್ ನೀರಿಗೆ ನೂರು ಗ್ರಾಂನಷ್ಟು ಜೆಲಾಟಿನ್ ಹಾಕಿ ಬಿಸಿ ಮಾಡಿ ಕರಗಿಸಿ. ಬರೀ ಜೆಲಾಟಿನ್ ಅಲ್ಟ್ರಾಸೌಂಡ್‌ನಲ್ಲಿ ಕಪ್ಪಗೆ ಕಾಣುತ್ತದೆ. ಒಂದೆರಡು ಚಮಚ ಇಸಬ್‌ಗೋಲ್ ಬೆರೆಸಿದರೆ ಮಾಂಸದ ಹಾಗೆ ಬೂದು ಬಣ್ಣ ಬರುತ್ತದೆ. ಮಲಬದ್ಧತೆಗೆ ಮನೆಯಲ್ಲಿ ಇಟ್ಟಿರುತ್ತಾರಲ್ಲ, ಅದೇ. ಮೇಲೆ ಬಂದ ನೊರೆ ತೆಗೆದುಬಿಡಿ, ಗಾಳಿ ಗುಳ್ಳೆ ಇದ್ದರೆ ಏನೂ ಕಾಣುವುದಿಲ್ಲ. ರಬ್ಬರ್ ಕೈಗವಸಿನ ಬೆರಳುಗಳನ್ನು ಕತ್ತರಿಸಿ, ನೀಲಿ ಬಣ್ಣದ ನೀರು ತುಂಬಿ, ಗಾಳಿ ಇರದಂತೆ ಗಂಟು ಹಾಕಿ ಮಧ್ಯದಲ್ಲಿ ಇಳಿಬಿಡಿ. ಫ್ರಿಜ್ಜಿನಲ್ಲಿ ಗಟ್ಟಿಯಾಗಲಿ. ಸೂಜಿಯಲ್ಲಿ ನೀಲಿ ನೀರು ಬಂದರೆ ಗುರಿ ಸಿಕ್ಕಿತು.

ನಮ್ಮ ಕಡೆ ಒಂದು ತೊಂದರೆ ಇದೆ. ಜೆಲಾಟಿನ್ ಮೂವತ್ತು ಮೂವತ್ತೈದು ಡಿಗ್ರಿಗೇ ಕರಗುತ್ತದೆ. ಏಪ್ರಿಲ್‌ನಲ್ಲಿ ಕೊಪ್ಪಳದಲ್ಲಾಗಲಿ ಬಳ್ಳಾರಿಯಲ್ಲಾಗಲಿ ಎಸಿ ಇಲ್ಲದ ಕೋಣೆಯಲ್ಲಿ ಅದು ಪಾಯಸ ಆಗುತ್ತದೆ. ಬೇಸಿಗೆಯಲ್ಲಿ ಅಗರ್ ಬಳಸಿ. ಅಂಗಡಿಯಲ್ಲಿ ಚೈನಾ ಗ್ರಾಸ್ ಅಂತ ಕೇಳಿದರೆ ಕೊಡುತ್ತಾರೆ. ಅದು ಕರಗಲು ಎಂಬತ್ತೈದು ಡಿಗ್ರಿ ಬೇಕು. ಆದರೆ ಬೇಗ ಬಿರಿಯುತ್ತದೆ, ಒಮ್ಮೆ ಸೂಜಿ ಹೋದ ಗೆರೆ ಹಾಗೇ ಉಳಿಯುತ್ತದೆ.

ಬಳ್ಳಾರಿಯ ಕೌಲ್ ಬಜಾರಿನ ಮಟನ್ ಅಂಗಡಿಯಿಂದ ಕುರಿಯ ಕಿಡ್ನಿ ತಂದು ಈ ಜೆಲ್ಲಿಯೊಳಗೆ ಕೂರಿಸುವ ಹುಡುಗರೂ ನಮ್ಮಲ್ಲಿದ್ದಾರೆ. ಸೂಜಿಗೆ ಮಾಂಸದ ತಡೆ ಹೇಗಿರುತ್ತದೆ ಅಂತ ತಿಳಿಯಲು ಅದು ಒಳ್ಳೆಯದು. ಆದರೆ ಕುರಿ, ಮೇಕೆಯ ಕಿಡ್ನಿಯಲ್ಲಿ ನಮ್ಮದರ ಹಾಗೆ ಬೇರೆ ಬೇರೆ ಪ್ಯಾಪಿಲಾ (ಕೇಲಿಕ್ಸ್‌ಗೆ ಮೂತ್ರ ಸುರಿಯುವ ಮೊನೆ) ಇರುವುದಿಲ್ಲ, ಎಲ್ಲ ಸೇರಿ ಒಂದೇ ಏಣು. ಕೇಲಿಕ್ಸ್ ಆರಿಸುವ ಪಾಠಕ್ಕೆ ಹಂದಿಯ ಕಿಡ್ನಿಯೇ ಮನುಷ್ಯರದ್ದಕ್ಕೆ ಹತ್ತಿರ.

ಏನು ಅಭ್ಯಾಸ ಮಾಡಬೇಕು? ಪ್ರೋಬನ್ನೂ ಸೂಜಿಯನ್ನೂ ಒಟ್ಟಿಗೆ ಅಲ್ಲಾಡಿಸದೇ ಇರುವುದನ್ನು. ಸೂಜಿಯ ತುದಿ ಕಾಣದಿದ್ದರೆ ಸೂಜಿ ನಿಲ್ಲಿಸಿ, ಪ್ರೋಬ್ ಸರಿಸಿ ತುದಿ ಹುಡುಕಿ, ಆಮೇಲೆ ಮುಂದೆ. ಎಡಗೈಗೆ ಈ ತಾಳ್ಮೆ ಬಂದರೆ ಅರ್ಧ ಕೆಲಸ ಮುಗಿಯಿತು. ಹಾಂ, ಉತ್ಸಾಹದಲ್ಲಿ ಸ್ಕ್ಯಾನಿಂಗ್ ಮಷಿನ್ನನ್ನು ಹಾಸ್ಟೆಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲಿ ಮಷಿನ್ ನೋಂದಣಿ ಆಗಿರುವುದು ಆಸ್ಪತ್ರೆಯ ವಿಳಾಸಕ್ಕೆ. ಒಪಿಡಿ ಮುಗಿದ ಮೇಲೆ ವಿಭಾಗದಲ್ಲೇ ಮಾಡಿ. ನೀಲಿ ನೀರು ಚೆಲ್ಲಿದರೆ ಒರೆಸಿ. ಸಿಸ್ಟರ್ ಹತ್ತಿರ ಬೈಸಿಕೊಳ್ಳಬೇಡಿ.

ಮಗಳಿಗೆ ರೇಡಿಯಾಲಜಿ ಸೀಟು ಸಿಕ್ಕಾಗ ಕೂತು ಫಿಲ್ಮ್ ನೋಡುವ ಕೆಲಸ ಅಂತ ಖುಷಿಪಟ್ಟಿದ್ವಿ. ಈಗ ಸೀಸದ ಕೋಟು ಹಾಕಿಕೊಂಡು ಎಕ್ಸ್‌ರೇ ಪಕ್ಕದಲ್ಲೇ ನಿಂತು ಕಿಡ್ನಿಗೆ ಟ್ಯೂಬು ಹಾಕುತ್ತಾಳಂತೆ. ಮುಂದೆ ಮದುವೆ, ಮಕ್ಕಳು ಅಂತ ಇದೆಯಲ್ಲ. ಬೇಡ ಅನ್ನಲೇ?
— ಅಕ್ಕಿ ಗಿರಣಿ ಮಾಲೀಕರು, ಗಂಗಾವತಿ

ಬೇಡ ಅನ್ನಬೇಡಿ ಅಣ್ಣಾ. ಕಾರಣ ಹೇಳುತ್ತೇನೆ.

ಈ ಕೆಲಸದ ಮೊದಲ ಅರ್ಧ, ಅಂದರೆ ಸೂಜಿ ಚುಚ್ಚುವುದು, ಅಲ್ಟ್ರಾಸೌಂಡ್‌ನಲ್ಲಿ. ಅದರಲ್ಲಿ ವಿಕಿರಣವೇ ಇಲ್ಲ. ತಂತಿ, ಟ್ಯೂಬು ಕೂರಿಸುವಾಗ ಸಿ-ಆರ್ಮ್ ಎಕ್ಸ್‌ರೇಯನ್ನು ಆಗಾಗ ಕೆಲವು ಕ್ಷಣ ಒತ್ತುತ್ತೇವೆ. ಡಾಕ್ಟರಿಗೆ ತಾಗುವುದು ಹೆಚ್ಚಾಗಿ ರೋಗಿಯ ಮೈಯಿಂದ ಚದುರಿ ಬರುವ ಕಿರಣ. ಅದನ್ನು ಸೀಸದ ಕೋಟು ಬಹುಪಾಲು ತಡೆಯುತ್ತದೆ. ದೂರ ಎರಡು ಪಟ್ಟಾದರೆ ಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಕ್ಸ್‌ರೇ ಹೊರಡುವ ಟ್ಯೂಬನ್ನು ಮೇಜಿನ ಕೆಳಗೆ ಇಟ್ಟುಕೊಂಡರೆ ಮುಖಕ್ಕೆ, ಕತ್ತಿಗೆ ಬರುವುದು ಇನ್ನೂ ಕಡಿಮೆ. ಇದನ್ನೆಲ್ಲ ಸೂಜಿಗಿಂತ ಮೊದಲೇ ಕಲಿಸಬೇಕು.

ಅವಳ ಎದೆಯ ಹತ್ತಿರ ಟಿಎಲ್‌ಡಿ ಅನ್ನುವ ಸಣ್ಣ ಬ್ಯಾಡ್ಜ್ ಇರಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಿ ಮೈಗೆ ಎಷ್ಟು ತಾಗಿದೆ ಅಂತ ಲೆಕ್ಕ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) ಇಟ್ಟಿರುವ ಮಿತಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಮಣ್ಣು, ಗಾಳಿ, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಎರಡಕ್ಕೂ ಸ್ವಲ್ಪ ಹೆಚ್ಚು ಸುಮ್ನೆ ತಾಗುತ್ತಲೇ ಇರುತ್ತದೆ. ಬಸುರಿಯಾದರೆ ವಿಭಾಗಕ್ಕೆ ತಕ್ಷಣ ತಿಳಿಸಬೇಕು. ಅಲ್ಲಿಂದ ಮುಂದೆ ಮಗುವಿಗೆ ತಾಗುವುದು 1 ಮಿಲಿಸೀವರ್ಟ್ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ಶಿಫಾರಸು. ಆ ತಿಂಗಳುಗಳಲ್ಲಿ ಅವಳನ್ನು ಸ್ಕ್ಯಾನಿಂಗ್ ಕಡೆ ಹಾಕಬಹುದು. ಮದುವೆಗೆ ಇದು ಅಡ್ಡಿಯಲ್ಲ.

ಮಗಳ ಹತ್ತಿರ ಒಂದು ಕೇಳಿ. ಬ್ಯಾಡ್ಜ್ ಹಾಕಿಕೊಳ್ಳುತ್ತಾಳಾ, ಡ್ರಾಯರಿನಲ್ಲಿ ಇಟ್ಟಿದ್ದಾಳಾ? ಬಹಳ ಜನರದ್ದು ಡ್ರಾಯರಿನಲ್ಲೇ ಇರುತ್ತದೆ. ಇನ್ನು ಆ ಕೋಟು ಭಾರ, ವರ್ಷಗಟ್ಟಲೆ ಹೊತ್ತರೆ ಸೊಂಟ ನೋವು ಬರುತ್ತದೆ. ನನ್ನದೂ ಬಂದಿದೆ. ಒಳ್ಳೆಯ ಹಗುರದ ಕೋಟು ಕೊಡಿಸಿ, ಮದುವೆ ಸೀರೆಯಲ್ಲಿ ಒಂದು ಕಡಿಮೆ ಮಾಡಿದರಾಯಿತು.

ಬಿಯರ್ ಕುಡಿದರೆ ಹರಳು ಕರಗುತ್ತದಂತೆ, ನಿಜವಾ?
— ಹೆಸರು ಬೇಡ ಅಂದವರು, ಸಂಡೂರು

ಕರಗುವುದಿಲ್ಲ. ಮೂತ್ರ ಜಾಸ್ತಿ ಆಗುತ್ತದೆ, ಅದು ನೀರಿನಿಂದಲೂ ಆಗುತ್ತದೆ. ಗಣಿಯ ಬಿಸಿಲಲ್ಲಿ ಕೆಲಸ ಮಾಡುವವರು ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಬೆವರಿನ ಲೆಕ್ಕ ಬೇರೆ. ಮೂತ್ರ ಗಾಢ ಹಳದಿಯಾಗಿದ್ದರೆ ಕುಡಿದದ್ದು ಸಾಲದು.

ಮಾವನವರಿಗೆ ಬಳ್ಳಾರಿಯಲ್ಲಿ ಟ್ಯೂಬು ಹಾಕಿ ಮನೆಗೆ ಕಳಿಸಿದ್ದಾರೆ. ಇಲ್ಲಿ ಡ್ರೆಸ್ಸಿಂಗ್ ಮಾಡುವವರು ಮುಟ್ಟಲು ಹೆದರುತ್ತಾರೆ. ನಾವು ಏನು ನೋಡಿಕೊಳ್ಳಬೇಕು?
— ಸೊಸೆ, ಮಾನ್ವಿ

ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಪೂರ್ತಿ ತುಂಬುವ ಮೊದಲೇ ಖಾಲಿ ಮಾಡಿ. ತುಂಬಿದ ಬ್ಯಾಗಿನ ಭಾರವೇ ಟ್ಯೂಬನ್ನು ಎಳೆಯುತ್ತದೆ. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಸ್ನಾನಕ್ಕೆ ಮುಂಚೆ ಆ ಜಾಗಕ್ಕೆ ಪ್ಲಾಸ್ಟಿಕ್ ಸುತ್ತಿ, ನೆನೆದರೆ ಡ್ರೆಸ್ಸಿಂಗ್ ಬದಲಿಸಿ. ಬೇಸಿಗೆಯಲ್ಲಿ ಅಂಗಳದಲ್ಲಿ ಹೊರಸಿನ ಮೇಲೆ ಮಲಗುತ್ತಾರಲ್ಲ, ಹೊರಳುವಾಗ ಟ್ಯೂಬು ಹೊರಸಿನ ನುಲಿಗೆ ಸಿಕ್ಕಿಕೊಳ್ಳುತ್ತದೆ. ನಮಗೆ ಕಿತ್ತುಬಂದ ಟ್ಯೂಬುಗಳಲ್ಲಿ ಹೀಗೆ ಬಂದವು ಬಹಳ. ಹೊಟ್ಟೆಯ ಪಕ್ಕಕ್ಕೆ ಪ್ಲಾಸ್ಟರ್‌ನಿಂದ ಇನ್ನೊಂದು ಕಡೆ ಅಂಟಿಸಿ, ಸ್ವಲ್ಪ ಸಡಿಲ ಬಿಡಿ.

ಚಳಿಜ್ವರ ಬಂದರೆ, ಬ್ಯಾಗಿಗೆ ಮೂತ್ರ ಬರುವುದು ನಿಂತರೆ, ಗಟ್ಟಿ ರಕ್ತ ಬಂದರೆ, ಟ್ಯೂಬು ಹೊರಗೆ ಸರಿದರೆ ಅದೇ ದಿನ ಬನ್ನಿ. ಕಿತ್ತುಬಂದರೆ ನೀವೇ ತೂರಿಸಲು ಹೋಗಬೇಡಿ. ಬೇಗ ಬಂದರೆ ಹಳೆಯ ದಾರಿಯಲ್ಲೇ ಹೊಸದು ಹಾಕಬಹುದು, ತಡವಾದರೆ ದಾರಿ ಮುಚ್ಚಿಕೊಳ್ಳುತ್ತದೆ, ಮತ್ತೆ ಚುಚ್ಚಬೇಕು. ಎಲ್ಲ ಸರಿ ಇದ್ದರೂ ಎರಡು ಮೂರು ತಿಂಗಳಿಗೊಮ್ಮೆ ಟ್ಯೂಬು ಬದಲಿಸಬೇಕು, ಇಲ್ಲದಿದ್ದರೆ ಒಳಗೆ ಸುಣ್ಣ ಕಟ್ಟುತ್ತದೆ. ಒಳಗಿನ ತುದಿ ಸುರುಳಿಯಾಗಿ ನಿಲ್ಲಲು ಒಂದು ದಾರ ಇರುತ್ತದೆ. ಅದನ್ನು ಸಡಿಲಿಸದೆ ಎಳೆದರೆ ಕಿಡ್ನಿಗೆ ಗಾಯ. ಊರಿನ ಡ್ರೆಸ್ಸಿಂಗ್‌ನವರು ಎಳೆಯಲು ಹೆದರುವುದೇ ಒಳ್ಳೆಯದು. ಬರೀ ಬ್ಯಾಂಡೇಜ್ ಬದಲಿಸಲು ಹೆದರಬೇಕಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಟ್ಯೂಬು ಹಾಕಿದ ಪಿಜಿಯ ಹೆಸರಿರುತ್ತದೆ. ಬಂದಾಗ ಅವರನ್ನೇ ಕೇಳಿ.

ಅವ್ವನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಎರಡೂ ಕಿಡ್ನಿಯ ದಾರಿ ಕಟ್ಟಿಕೊಂಡಿದೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಷ) ಏರಿದೆ. ಟ್ಯೂಬು ಹಾಕಬೇಕೋ ಬೇಡವೋ ನೀವೇ ಯೋಚನೆ ಮಾಡಿ ಹೇಳಿ ಅಂತ ಒಬ್ಬ ಪಿಜಿ ಹುಡುಗಿ ಬಂದು ಹೇಳಿ ಹೋದಳು. ಅಣ್ಣ ಬೇಡ ಅಂತಾನೆ, ಸೋದರಮಾವ ಹಾಕಿಸು ಅಂತಾನೆ. ಇಂಥ ಮಾತನ್ನು ದೊಡ್ಡ ಡಾಕ್ಟರು ಹೇಳಬೇಕಲ್ಲವೇ?
— ಮಗ, ಸಿಂಧನೂರು

ನಿಮಗೆ ಫೋನಿನಲ್ಲೇ ಉತ್ತರಿಸಿದ್ದೇನೆ. ಇಲ್ಲಿ ಬರೆಯುವುದು ಇದೇ ಕವಲಿನಲ್ಲಿ ನಿಂತಿರುವ ಬೇರೆ ಮನೆಯವರಿಗಾಗಿ.

ಹೌದು, ದೊಡ್ಡ ಡಾಕ್ಟರು ಹೇಳಬೇಕು. ಆದರೆ ಆ ಹುಡುಗಿಯೂ ಪಕ್ಕದಲ್ಲಿರಬೇಕು. ಅವಳನ್ನು ಒಬ್ಬಳೇ ಕಳಿಸಿದ್ದು ತಪ್ಪು, ಅವಳಿಗೂ ಅನ್ಯಾಯ. ಸೂಜಿ ಹಿಡಿಯುವುದಕ್ಕಿಂತ ಇದು ಕಷ್ಟದ ಪಾಠ. ಸೂಜಿಯ ಪಾಠದಲ್ಲಿ ನಾವು ಅವರ ಪಕ್ಕ ನಿಲ್ಲುತ್ತೇವೆ. ಈ ಮಾತಿಗೆ ಮಾತ್ರ ಒಬ್ಬರನ್ನೇ ನೂಕುವುದು ಬಹಳ ಕಡೆ ರೂಢಿಯಾಗಿಬಿಟ್ಟಿದೆ.

ಕೇಳಬೇಕಾದದ್ದು ಇಷ್ಟು. ಕ್ಯಾನ್ಸರಿಗೆ ಚಿಕಿತ್ಸೆ ಇನ್ನೂ ಬಾಕಿ ಇದೆಯಾ? ಇದ್ದರೆ ಟ್ಯೂಬು ಹಾಕಿಸಿ, ತಡ ಬೇಡ. ಕಿಡ್ನಿ ಸರಿಯಾದರೆ ಸಿಸ್ಪ್ಲಾಟಿನ್‌ನಂಥ ಕ್ಯಾನ್ಸರ್ ಔಷಧಿ, ರೇಡಿಯೇಷನ್ ಕೊಡಲು ದಾರಿಯಾಗುತ್ತದೆ. ಹೆಚ್ಚಾಗಿ ಎರಡೂ ಕಡೆ ಚುಚ್ಚುವುದು ಬೇಕಿಲ್ಲ, ಚೆನ್ನಾಗಿರುವ ಒಂದು ಕಿಡ್ನಿಗೆ ಹಾಕಿದರೆ ಸಾಕಾಗಬಹುದು. ಚಿಕಿತ್ಸೆಗಳೆಲ್ಲ ಮುಗಿದು, ಕಾಯಿಲೆ ಮತ್ತೆ ಹಬ್ಬಿದ್ದರೆ ಲೆಕ್ಕ ಬೇರೆ. ಟ್ಯೂಬು ಕೆಲವು ವಾರ, ಕೆಲವು ತಿಂಗಳು ಸೇರಿಸಬಹುದು. ಅದರ ಜೊತೆ ಬ್ಯಾಗು, ಜ್ವರ, ಎರಡು ಮೂರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುವುದು, ಕ್ಯಾನ್ಸರಿನ ನೋವು, ಎಲ್ಲವೂ ಸೇರುತ್ತವೆ. ಹಾಕದಿದ್ದರೆ ಮೂತ್ರದ ನಂಜು ಏರಿ ಮಂಪರು ಬರುತ್ತದೆ. ನೋವಿಗೆ, ವಾಂತಿಗೆ ಔಷಧಿ ಕೊಟ್ಟು ಮನೆಯಲ್ಲೇ ಇಟ್ಟುಕೊಳ್ಳಬಹುದು. ಹಾಕಿದ ಮೇಲೂ, ಸಾಕು, ಇನ್ನು ಬದಲಿಸುವುದು ಬೇಡ ಅನ್ನುವ ಹಕ್ಕು ಇದ್ದೇ ಇದೆ.

ನಿಮ್ಮ ಎರಡು ಪುಟದ ಪತ್ರದಲ್ಲಿ ಅಣ್ಣನ ಅಭಿಪ್ರಾಯ ಇದೆ, ಸೋದರಮಾವನದ್ದು ಇದೆ, ನಿಮ್ಮದೂ ಇದೆ. ಅವ್ವನಿಗೆ ಪ್ರಜ್ಞೆ ಚೆನ್ನಾಗಿದೆ, ಬೆಳಿಗ್ಗೆ ರೊಟ್ಟಿ ತಿಂದಳು ಅಂತಲೂ ಬರೆದಿದ್ದೀರಿ. ಅವಳು ಏನು ಹೇಳಿದಳು ಅಂತ ಮಾತ್ರ ಬರೆದಿಲ್ಲ. ಫೋನಿನಲ್ಲಿ ನಾನು ಮೊದಲು ಕೇಳಿದ್ದೂ ಅದನ್ನೇ. ಇನ್ನೂ ಕೇಳಿಲ್ಲವಾದರೆ ಆ ಪಿಜಿ ಹುಡುಗಿಯನ್ನೂ ಅವಳ ದೊಡ್ಡ ಡಾಕ್ಟರನ್ನೂ ಕರೆದುಕೊಂಡು ಹೋಗಿ ಕೇಳಿ.